ಡಬ್ಬಿಯಲ್ಲಿದ್ದ ಮಾತ್ರೆ

ಹೊರಗೆಲ್ಲ ವಯಸ್ಸು ಮುಚ್ಚಿಡುವವರೇ ಜಾಸ್ತಿ. ಹಿರಿಯರ ಕ್ರೀಡಾಕೂಟದಲ್ಲಿ ಹಾಗಲ್ಲ. ಇಲ್ಲಿ 35 ದಾಟಿದವರನ್ನು ಐದೈದು ವರ್ಷಕ್ಕೊಂದು ಗುಂಪು ಮಾಡುತ್ತಾರೆ. 59ರವನು ತನ್ನ ಗುಂಪಿನಲ್ಲಿ ಮುದುಕ, 60 ತುಂಬಿದರೆ ಮುಂದಿನ ಗುಂಪಿನಲ್ಲಿ ಹುಡುಗ. ಗುಂಡು ಎಸೆಯುವ ಗಂಡಸರಿಗಂತೂ ಗುಂಡಿನ ತೂಕವೇ 6 ಕೆಜಿಯಿಂದ 5ಕ್ಕೆ ಇಳಿಯುತ್ತದೆ. ಯಾವಾಗ 60 ಆಗುತ್ತದೋ ಎಂದು ಕಾಯುವ ಜನ ನಾವು. ಆ ವಯಸ್ಸೂ ನೆಟ್ಟಗಿರುವುದಿಲ್ಲ ಅನ್ನಿ. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಕೊಂಡದ್ದೇ ಹುಟ್ಟಿದ ದಿನ. ನನ್ನದೂ ಅದೇ.

ನಾನು ಓಡುವುದು 800 ಮೀಟರ್. ಹೋದ ವರ್ಷ ಮೈಸೂರಿನಲ್ಲಿ ಒಂದು ಕೂಟಕ್ಕೆ ಹೋಗಿದ್ದೆ. ನಮ್ಮ ಗುಂಪಿನಲ್ಲಿ ಒಬ್ಬರಿದ್ದರು. ಎರಡು ವರ್ಷದ ಹಿಂದೆ ನನ್ನ ಹಾಗೆಯೇ ಸೊರಗಿದ ಕಾಲು, ಸ್ವಲ್ಪ ಹೊಟ್ಟೆ. ಈಗ ನೋಡಿದರೆ ಭುಜ ಉಬ್ಬಿದೆ, ತೊಡೆಯಲ್ಲಿ ಗೆರೆ ಎದ್ದಿದೆ. ಜಿಮ್‌ನಲ್ಲಿ ಯಾರೋ ಇಂಜೆಕ್ಷನ್ ಹಾಕುತ್ತಾರಂತೆ ಎಂದು ಸುದ್ದಿ. ಬೆಳಗ್ಗೆ ಕಾಫಿ ಕುಡಿಯುವಾಗ ನಾನೇ ಮೂರು ಜನಕ್ಕೆ ಹೇಳಿದೆ, 'ಇದಕ್ಕೆ ಒಂದು ದೂರು ಕೊಡಲೇಬೇಕು' ಅಂತ.

ಆಮೇಲೆ ಇಡ್ಲಿ ತಿಂದು, ಚೀಲದಿಂದ ಮಾತ್ರೆ ಡಬ್ಬಿ ತೆಗೆದೆ. ಬಿಪಿ ಮಾತ್ರೆ, ಏಳು ವರ್ಷದಿಂದ ದಿನಾ ಬೆಳಗ್ಗೆ ಒಂದು. ಪಕ್ಕದಲ್ಲಿ ಕೂತಿದ್ದವರು ಗುಂಡು ಎಸೆಯುವ ನಿವೃತ್ತ ನರ್ಸ್. ನಾವೆಲ್ಲ ಅವರನ್ನು ಸಿಸ್ಟರ್ ಅಂತಲೇ ಕರೆಯುವುದು.

'ಸಾರ್, ಆ ಸ್ಟ್ರಿಪ್ ಕೊಡಿ ಸ್ವಲ್ಪ.'

ಕನ್ನಡಕ ಹಣೆಗೆ ಏರಿಸಿ, ಬೆಳ್ಳಿ ಹಾಳೆಯನ್ನು ಬಿಸಿಲಿಗೆ ಓರೆ ಮಾಡಿ ಓದಿದರು. ಅರ್ಧ ಅಕ್ಷರ ಮಾತ್ರೆಯ ಜೊತೆ ಹರಿದುಹೋಗಿತ್ತು. ಟೆಲ್ಮಿಸಾರ್ಟನ್ 40. ಅದರ ಕೆಳಗೆ ಹೈಡ್ರೋಕ್ಲೋರೋಥಯಜೈಡ್ 12.5.

'ಮೊದಲನೇದು ಪರವಾಗಿಲ್ಲ. ಎರಡನೇದು ಕ್ರೀಡಾಪಟುಗಳಿಗೆ ನಿಷೇಧದ ಪಟ್ಟಿಯಲ್ಲಿದೆ, ಗೊತ್ತಾ?'

ತಮಾಷೆ ಅಂದುಕೊಂಡೆ. ಅಲ್ಲ. ಅದು ಮೂತ್ರ ಜಾಸ್ತಿ ಮಾಡಿಸುವ ಔಷಧಿ. ಮೂತ್ರ ತೆಳುವಾದರೆ ಬೇರೆ ಮದ್ದಿನ ಗುರುತು ಸಿಗುವುದು ಕಷ್ಟ. ಅದಕ್ಕೇ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅದನ್ನು ಪಟ್ಟಿಗೆ ಸೇರಿಸಿದೆ. ಬಿಪಿಗೆಂದು ತೆಗೆದುಕೊಳ್ಳುವವರು ವೈದ್ಯರ ದಾಖಲೆ ಇಟ್ಟು ಅರ್ಜಿ ಹಾಕಿ ವಿನಾಯಿತಿ ಕೇಳಬಹುದು. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಓಟಕ್ಕಂತೂ ಅದರಿಂದ ಏನೂ ಲಾಭವಿಲ್ಲ. ಬಿಸಿಲಲ್ಲಿ ಬಾಯಿ ಒಣಗುತ್ತದೆ, ಅಷ್ಟೇ. ಆದರೂ ಅಂದು ಯಾರಾದರೂ ಮೂತ್ರ ಪರೀಕ್ಷೆಗೆ ಬಾಟಲಿ ಹಿಡಿದು ಬಂದಿದ್ದರೆ ಸಿಕ್ಕಿಬೀಳುತ್ತಿದ್ದವನು ನಾನು! ಮಾತ್ರೆ ಬಿಡುವ ಹಾಗಿಲ್ಲ. ಸಿಸ್ಟರ್ ಎದುರಿಗೇ ನುಂಗಿದೆ.

ಓಟದ ಬಗ್ಗೆ ಹೇಳುವಂಥದ್ದೇನಿಲ್ಲ. ಆ ಭುಜ ಉಬ್ಬಿದವರು ಮೊದಲು, ನಾನು ಮೂರನೆಯವನು. ಕೊನೆಯ ಇನ್ನೂರು ಮೀಟರ್‌ನಲ್ಲಿ ಅವರ ಬೆನ್ನಿನ ಚೆಸ್ಟ್ ನಂಬರ್ ಓದಲಿಕ್ಕೂ ಆಗದಷ್ಟು ದೂರ ಹೋಗಿದ್ದರು. (ಬೆನ್ನಿಗೆ ಹಚ್ಚಿದ್ದಕ್ಕೂ ಚೆಸ್ಟ್ ನಂಬರ್ ಅಂತಲೇ ಯಾಕೆ ಅನ್ನುತ್ತೇವೋ!)

ನಲ್ಲಿ ಹತ್ತಿರ ಮುಖ ತೊಳೆಯುವಾಗ ಇಬ್ಬರೇ ಸಿಕ್ಕೆವು. ಕಾಫಿ ಹೊತ್ತಿನ ನನ್ನ ಮಾತು ಅವರ ಕಿವಿಗೆ ಬಿದ್ದಿತ್ತು. ಅವರು ಮುಚ್ಚಿಡಲೂ ಇಲ್ಲ, ಸಿಟ್ಟಾಗಲೂ ಇಲ್ಲ.

'ಟೆಸ್ಟೋಸ್ಟೆರಾನ್ ಸಾರ್. ವಯಸ್ಸಾದ ಮೇಲೆ ಕಮ್ಮಿ ಆಗತ್ತೆ. ಕಮ್ಮಿ ಆದದ್ದನ್ನ ತುಂಬಿಸ್ಕೊಳ್ತೀನಿ. ನೀವು ಬಿಪಿಗೆ ತಗೊಳ್ಳಲ್ವಾ?'

ಜೇಬಿನಲ್ಲಿ ಸ್ಟ್ರಿಪ್ ಇತ್ತು. ಏನೂ ಹೇಳಲಿಕ್ಕೆ ಆಗಲಿಲ್ಲ. ಸುಮ್ನೆ ಟವಲ್‌ನಿಂದ ಮುಖ ಒರೆಸಿಕೊಂಡೆ.

ಉತ್ತರ ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ. ವಯಸ್ಸಾದಂತೆ ಮೈ ಕುಗ್ಗುತ್ತದೆ ಎಂದೇ ಅಲ್ವಾ ಈ ಐದೈದು ವರ್ಷದ ಗುಂಪು? ಗುಂಡಿನ ತೂಕ ಇಳಿಸಿದ್ದೂ ಅದಕ್ಕೇ. ಕುಗ್ಗಿದ್ದನ್ನು ಸೂಜಿಯಿಂದ ತುಂಬಿಸಿಕೊಂಡವರು ನಲವತ್ತರವರ ಜೊತೆ ಓಡಲಿ. ಅರವತ್ತರವರ ರಿಯಾಯಿತಿಯೂ ಬೇಕು, ನಲವತ್ತರ ಮೈಯೂ ಬೇಕು ಅಂದರೆ ಹೇಗೆ? ನನ್ನ ಮಾತ್ರೆ ನನ್ನನ್ನು ಆಸ್ಪತ್ರೆಯಿಂದ ದೂರ ಇಡುತ್ತದೆ, ಒಂದು ಸೆಕೆಂಡೂ ಉಳಿಸಿಕೊಡುವುದಿಲ್ಲ. ಇಷ್ಟು ಚೆನ್ನಾಗಿ ನಲ್ಲಿ ಹತ್ತಿರ ಹೇಳಬೇಕಿತ್ತು. ಶ್ರೀರಂಗಪಟ್ಟಣ ದಾಟಿದ ಮೇಲೆ ಹೊಳೆದು ಏನು ಪ್ರಯೋಜನ?

ರಾತ್ರಿ ನಿದ್ದೆ ಬರದೆ ಮೊಬೈಲ್ ತಿರುವುತ್ತಿದ್ದಾಗ ಅಮೆರಿಕದ ಕಾರ್ಲ್ ಗ್ರೋವ್ ಎಂಬ ಸೈಕಲ್ ಸವಾರರ ಕಥೆ ಸಿಕ್ಕಿತು. 2018ರಲ್ಲಿ ಅವರಿಗೆ 90 ವರ್ಷ. ಹಿರಿಯರ ರಾಷ್ಟ್ರೀಯ ಕೂಟದಲ್ಲಿ ದಾಖಲೆ ಮಾಡಿದರು. ಪರೀಕ್ಷೆಯಲ್ಲಿ ಟ್ರೆನ್‌ಬೊಲೋನ್ ಎಂಬ ಸ್ಟೆರಾಯ್ಡ್‌ನ ಗುರುತು ಸಿಕ್ಕಿತು.  ಹಿಂದಿನ ರಾತ್ರಿ ತಿಂದ ಲಿವರ್‌ನಿಂದ ಬಂದಿರಬೇಕು ಎಂದು ಅಲ್ಲಿನ ಮದ್ದು ತಡೆ ಸಂಸ್ಥೆಯೇ ಹೇಳಿತು. ಎಚ್ಚರಿಕೆ ಕೊಟ್ಟು ಬಿಟ್ಟರು, ಆದರೆ ದಾಖಲೆ ಹೋಯಿತು. ತೊಂಬತ್ತರಲ್ಲಿ ಸೈಕಲ್ ಹತ್ತಿದವರಿಗೆ ಊಟದ ತಟ್ಟೆಯನ್ನೂ ಅನುಮಾನದಿಂದ ನೋಡಬೇಕಾದ ಗತಿ. ನನ್ನವಳಿಗೆ ಓದಿ ಹೇಳಿದೆ. 'ಅದಕ್ಕೇ ನಾನು ಹೊರಗೆ ತಿನ್ನಬೇಡಿ ಅನ್ನೋದು' ಎಂದು ಆ ಕಡೆ ತಿರುಗಿ ಮಲಗಿದಳು.

ದೂರು ಕೊಡಲಿಲ್ಲ. ಮೊದಲು ನನ್ನ ಡಬ್ಬಿ ಸರಿಯಾಗಲಿ ಅಂತ ಡಾಕ್ಟರ್ ಹತ್ತಿರ ಹೋದೆ. ವಿಷಯ ಕೇಳಿ ಅವರು ಚೆನ್ನಾಗಿ ನಕ್ಕರು. ಆಮೇಲೆ ಬಿಪಿ ಎರಡು ಸಲ ನೋಡಿ ಬೇರೆ ಮಾತ್ರೆ ಬರೆದುಕೊಟ್ಟರು, ಅಮ್ಲೋಡಿಪಿನ್. ಪಟ್ಟಿಯಲ್ಲಿಲ್ಲ. ಆದರೆ ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಕಾಲುಚೀಲ ತೆಗೆದರೆ ಸುತ್ತ ಕೆಂಪು ಗೆರೆ, ಬೆರಳಲ್ಲಿ ಒತ್ತಿದರೆ ಕುಳಿ. ಹಳೆಯ ಸ್ಪೈಕ್ಸ್ ಬಿಗಿಯಾಗಿದೆ. ಮುಂದಿನ ಕೂಟಕ್ಕೆ ಅರ್ಧ ಸೈಜ್ ದೊಡ್ಡದು ಹುಡುಕುತ್ತಿದ್ದೇನೆ.