ಅಬ್ಬಿ ನೀರಿನ ಲೈನ್ ಮಾಡೆಲ್, ಮೂರನೇ ವಾರ: ಮೈನಸ್ ಕಾಟ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ನೀರು ಬರುವುದು ಗುಡ್ಡದ ಅಬ್ಬಿಯಿಂದ, ಅಂದರೆ ಝರಿಯಿಂದ. ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ. ಅಬ್ಬಿ ತೊಟ್ಟಿಯಿಂದ ಮನೆ ತೊಟ್ಟಿಗೆ 420 ಮೀಟರ್ ಉದ್ದ, 18 ಮೀಟರ್ ಇಳಿತ, ಪೈಪಿನ ಒಳವ್ಯಾಸ 27 ಮಿ.ಮೀ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಹೊರತಂದ ಎಪಾನೆಟ್ ಎಂಬ, ಪೈಪ್ ಲೈನಿನ ಹರಿವು, ಒತ್ತಡ ಲೆಕ್ಕ ಹಾಕುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಇದನ್ನೆಲ್ಲ ಕೂರಿಸಿದೆ. ಎರಡೂ ತೊಟ್ಟಿಗಳಿಗೆ ರಿಸರ್ವಾಯರ್ (ನೀರಿನ ಮಟ್ಟ ಬದಲಾಗದ ತೊಟ್ಟಿ) ಇಟ್ಟೆ, ನಡುವೆ ದಿಬ್ಬದ ಮೇಲೊಂದು ನೋಡ್. ಪೈಪಿನ ತುದಿ ಸೇರುವ ಬಿಂದುವೇ ನೋಡ್, ತೊಟ್ಟಿಯೂ ಒಂದು ನೋಡ್.

ರನ್ ಕೊಟ್ಟರೆ ಎರಡೂ ತುಂಡು ಪೈಪಿನಲ್ಲಿ ಹರಿವು ನಿಮಿಷಕ್ಕೆ ಮೈನಸ್ 32 ಲೀಟರ್! ನೀರು ಗುಡ್ಡ ಹತ್ತುತ್ತಿದೆಯೇ? ಒಂದು ಸಂಜೆ ಎತ್ತರದ ಅಂಕಿಗಳನ್ನೇ ತಿದ್ದುತ್ತಾ ಕೂತೆ. ತಪ್ಪು ಅಲ್ಲಿರಲಿಲ್ಲ. ನಾನು ಪೈಪ್ ಎಳೆದದ್ದು ಮನೆಯಿಂದ ಮೇಲಕ್ಕೆ. ಮೊದಲು ಕ್ಲಿಕ್ ಮಾಡಿದ ನೋಡ್ ಶುರು, ಆಮೇಲಿನದು ಕೊನೆ. ಶುರುವಿನಿಂದ ಕೊನೆಗೆ ಹರಿದರೆ ಪ್ಲಸ್, ತಿರುಗಿ ಹರಿದರೆ ಮೈನಸ್, ಅಷ್ಟೇ. ವೇಗದ ಕಾಲಂನಲ್ಲಿ ಮೈನಸ್ ಬರುವುದೇ ಇಲ್ಲ, ಅದು ಇನ್ನಷ್ಟು ಗೊಂದಲ.

ಅಬ್ಬಿ ತೊಟ್ಟಿಯ ಎದುರಿಗೂ ಮೈನಸ್ 32 ಇತ್ತು. ಇದೂ ಅದೇ ಎಂದುಕೊಂಡೆ. ಅಲ್ಲ. ನೋಡ್‌ನಲ್ಲಿ ಪ್ಲಸ್ ಎಂದರೆ ಲೈನಿನಿಂದ ನೀರು ತೆಗೆದುಕೊಳ್ಳುವುದು, ಮೈನಸ್ ಎಂದರೆ ಲೈನಿಗೆ ಕೊಡುವುದು. ಪೈಪನ್ನು ಹೇಗೆ ಎಳೆದರೂ ಈ ಮೈನಸ್ ಹೋಗುವುದಿಲ್ಲ.

ಮಾಡೆಲ್‌ಗೆ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದ ದಿನ ಹರಿವು ಸೊನ್ನೆಯಾಯಿತು. ತೋಟದ ಪಂಪಿನ ನೀರು ಅಬ್ಬಿ ತೊಟ್ಟಿಗೆ ಹಿಂದೆ ಹೋಗದಿರಲಿ ಎಂದು ನಿಜದ ಲೈನಿನಲ್ಲಿ ಅದಿದೆ, ಮೈಮೇಲೆ ಬಾಣದ ಗುರುತೂ ಇದೆ. ಮಾಡೆಲ್‌ನಲ್ಲಿ ಎಳೆದ ದಿಕ್ಕೇ ಬಾಣ. ಪೈಪ್ ಮೇಲೆ ರೈಟ್ ಕ್ಲಿಕ್, ರಿವರ್ಸ್. ನೀರು ಬಂತು. ಸುಮ್ನೆ ಚಿಹ್ನೆ ಅಂತ ಬಿಟ್ಟಿದ್ದರೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದೆ.

ಕೊನೆಗೂ ಒಂದು ಮೈನಸ್ ಉಳಿಯಿತು. ದಿಬ್ಬದ ನೋಡ್‌ನಲ್ಲಿ ಒತ್ತಡ ಮೈನಸ್ 2.4 ಮೀಟರ್ (ಇಲ್ಲಿ ಒತ್ತಡದ ಅಳತೆ ನೀರಿನ ಕಂಬದ ಎತ್ತರದಲ್ಲಿ). ಇದು ಮಾತ್ರ ನಿಜವಾದ ಮೈನಸ್. ದಿಬ್ಬ ಇರುವುದು ಅಬ್ಬಿ ತೊಟ್ಟಿಯಿಂದ 150 ಮೀಟರ್ ದೂರ, 4 ಮೀಟರ್ ಕೆಳಗೆ. ಅಲ್ಲಿಗೆ ಬರುವಷ್ಟರಲ್ಲಿ ಘರ್ಷಣೆ 6.4 ಮೀಟರ್ ತಿಂದಿರುತ್ತದೆ. ಅಂದರೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ, ಪೈಪ್ ಅಲ್ಲಿ ಗಾಳಿ ಎಳೆಯುತ್ತದೆ. ಪ್ರತಿ ಬೇಸಿಗೆಯಲ್ಲೂ ಏರ್ ಹಿಡಿದು ನೀರು ನಿಲ್ಲುವುದು ಇದೇ ಲೈನಿನಲ್ಲಿ, ನಾವು ಹೋಗಿ ಬಿಚ್ಚುವುದು ಅದೇ ದಿಬ್ಬದ ಜಾಯಿಂಟ್!

ಹರಿವು ಕಡಿಮೆಯಾದರೆ ಘರ್ಷಣೆಯೂ ಇಳಿಯುತ್ತದೆ ಅಲ್ವಾ? ಮನೆ ತುದಿಯಲ್ಲಿ ವಾಲ್ವ್ ಸೇರಿಸಿ 24 ಲೀಟರ್‌ಗೆ ಇಳಿಸಿದೆ. ದಿಬ್ಬದ ಒತ್ತಡ ಸೊನ್ನೆಗಿಂತ ಚೂರು ಮೇಲೆ ಬಂತು.

ಅಪ್ಪಯ್ಯನಿಗೆ ತೋರಿಸಿದೆ. "ಆ ಗೇಟ್ ವಾಲ್ವ್ ಪೂರ್ತಿ ತಿರುಗಿಸ್ಬೇಡ ಅಂತ ಎಷ್ಟು ಸಲ ಹೇಳಿದೀನಿ ಮಾರಾಯ" ಎಂದರು. ಹೇಳಿದ್ದರು, ಹೌದು. ಜಾಸ್ತಿ ನೀರಿನ ಆಸೆಗೆ ಬಿಟ್ಟಿದ್ದವನು ನಾನೇ.

ಇವತ್ತು ವಾಲ್ವ್ ಹಿಡಿದು 20 ಲೀಟರ್ ಬಕೆಟ್ ಇಟ್ಟು ನೋಡಿದೆ. ತುಂಬಲು 50 ಸೆಕೆಂಡ್. ಏಪ್ರಿಲ್‌ವರೆಗೆ ಹೀಗೇ ಬಿಡುತ್ತೇನೆ. ಮುಂದಿನ ವಾರ ತೋಟದ ಪಂಪ್ ಸೇರಿಸಬೇಕು, ಈ ಸಲ ಕೆರೆಯಿಂದ ಶುರು ಮಾಡಿ ಎಳೆಯುತ್ತೇನೆ.