ಒಂಬತ್ತೇ ಕೆಜಿ ಅಂದಿದ್ದ ಸೈಕಲ್ಲು

ಮಾರುವವರು ಹೇಳುವ ಸೈಕಲ್ ತೂಕವನ್ನು ನಂಬಬೇಡಿ. ಎಲ್ಲರೂ ಸುಳ್ಳು ಹೇಳುತ್ತಾರೆ ಅಂತಲ್ಲ. ಏನೇನು ಬಿಚ್ಚಿಟ್ಟು ತೂಗಿದರು ಅನ್ನುವುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನನ್ನ ಹತ್ತಿರ ಒಂದು ಹಳೇ ಸ್ಟೀಲ್ ರೋಡ್ ಸೈಕಲ್ ಇದೆ. ಹತ್ತು ಗೇರು, ಟಗರಿನ ಕೊಂಬಿನ ಥರ ಬಾಗಿದ ಹ್ಯಾಂಡಲ್, ಚರ್ಮದ ಸೀಟು. ಯಾರೋ ಯಾವಾಗಲೋ ಹಸಿರು ಪೇಂಟ್ ಹೊಡೆಸಿದ್ದಾರೆ, ಹಾಗಾಗಿ ಸ್ಟಿಕ್ಕರ್ ಒಂದೂ ಉಳಿದಿಲ್ಲ. ಮಾರಿದವರು ಕೊಡುವಾಗ ‘ಇಂಗ್ಲೆಂಡ್ ಫ್ರೇಮು ಸಾರ್, ರೆನಾಲ್ಡ್ಸ್ 531, ಒಂಬತ್ತೇ ಕೆಜಿ’ ಅಂದಿದ್ದರು. 531 ಅಂದರೆ ಫ್ರೇಮ್ ಮಾಡುವ ಒಂದು ಹೆಸರಾಂತ ಸ್ಟೀಲ್ ಕೊಳವೆ. ಎರಡನೇ ಮಹಡಿಗೆ ಹೊತ್ತು ಹತ್ತಿಸುವ ಹೆಗಲಿಗೆ ಆ ಒಂಬತ್ತು ಮೊದಲಿನಿಂದಲೂ ಅನುಮಾನವೇ. ತೂಗಿಸಿದೆ. 15.4 ಕೆಜಿ.

ಆರು ಕೆಜಿ ಚಿಲ್ಲರೆ ವ್ಯತ್ಯಾಸ ಅಂದರೆ ಸುಮ್ನೆ ಬಿಡುವ ವಿಷಯ ಅಲ್ಲ, ಅಲ್ವಾ? ಆದರೆ ಬೈಯುವ ಮೊದಲು ಒಂದು ವಿಷಯ ನೋಡಬೇಕು. ಸೈಕಲ್ ಕಂಪನಿಗಳೇ ಕ್ಯಾಟಲಾಗ್‌ನಲ್ಲಿ ತೂಕ ಹಾಕುವಾಗ ಪೆಡಲ್ ಬಿಚ್ಚಿ ತೂಗುವುದು ಹಳೇ ರೂಢಿ. ಫ್ರೇಮ್ ಕೂಡ ಸಣ್ಣ ಸೈಜಿನದೋ ಮಧ್ಯಮ ಸೈಜಿನದೋ ಆಗಿರುತ್ತದೆ. ನನ್ನದು 58 ಸೆಂಟಿಮೀಟರ್, ಉದ್ದ ಕಾಲಿನವರ ಫ್ರೇಮು. ಸ್ಟ್ಯಾಂಡು, ಕ್ಯಾರಿಯರ್ರು, ಮಡ್‌ಗಾರ್ಡು ಯಾವ ಕ್ಯಾಟಲಾಗ್‌ನಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಆದರೆ ದಾವಣಗೆರೆಯಲ್ಲಿ ಸ್ಟ್ಯಾಂಡ್ ಇಲ್ಲದ ಸೈಕಲ್ಲನ್ನು ಎಲ್ಲಿ ಒರಗಿಸಿ ನಿಲ್ಲಿಸುತ್ತೀರಿ? ಯಾರದೋ ಸ್ಕೂಟರ್‌ಗೆ ಒರಗಿಸಿದರೆ ಜಗಳ.

ಸ್ಟೀಲ್ ಅಂದ ಕೂಡಲೇ ಭಾರ ಅನ್ನುವುದೂ ಪೂರ್ತಿ ನಿಜವಲ್ಲ. 1972ರಲ್ಲಿ ಬೆಲ್ಜಿಯಂನ ಸೈಕಲ್ ರೇಸರ್ ಎಡ್ಡಿ ಮರ್ಕ್ಸ್ ಮೆಕ್ಸಿಕೋ ಸಿಟಿಯಲ್ಲಿ ಒಂದು ಗಂಟೆಗೆ 49.431 ಕಿಲೋಮೀಟರ್ ಓಡಿಸಿ ದಾಖಲೆ ಮಾಡಿದ್ದು ಸ್ಟೀಲ್ ಫ್ರೇಮಿನ ಮೇಲೆ. ಆ ಸೈಕಲ್ ಆರು ಕೆಜಿಯೂ ಇರಲಿಲ್ಲ. ಈಗ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ನಿಯಮದ ಪ್ರಕಾರ ರೇಸ್ ಸೈಕಲ್ 6.8 ಕೆಜಿಗಿಂತ ಕಡಿಮೆ ಇರುವಂತಿಲ್ಲ, ಅದಕ್ಕಿಂತಲೂ ಹಗುರ ಅದು. ಆದರೆ ಅದಕ್ಕೆ ಬ್ರೇಕಿಲ್ಲ, ಗೇರಿಲ್ಲ, ಚೈನಿಗೂ ತೂತು ಕೊರೆದು ತೂಕ ಇಳಿಸಿದ್ದರು. ಅದು ಒಂದು ಗಂಟೆ ಬಾಳಿದರೆ ಸಾಕಿತ್ತು. ನನ್ನದು ಹರಿಹರಕ್ಕೆ ಹೋಗಿ ವಾಪಸ್ ಬರಬೇಕು.

ಇನ್ನು ತೂಗುವ ವಿಷಯ. ಮನೆಯಲ್ಲಿ ಎಲ್ಲರೂ ಮಾಡುವುದು ಕಾಲಿಟ್ಟು ನಿಲ್ಲುವ ಮೆಷಿನ್ ಮೇಲೆ ಸೈಕಲ್ ಎತ್ತಿಕೊಂಡು ಒಂದು ಸಲ, ಬರಿಗೈಯಲ್ಲಿ ಒಂದು ಸಲ ನಿಂತು ಕಳೆಯುವುದು. ಪರವಾಗಿಲ್ಲ, ಆದರೆ ಎರಡು ಸಲ ತೂಗಿದರೆ ಎರಡು ಸಲದ ತಪ್ಪೂ ಸೇರುತ್ತದೆ. ಮೇಲಾಗಿ ಸೈಕಲ್ ಎತ್ತಿಕೊಂಡು ಅಲ್ಲಾಡದೆ ನಿಲ್ಲುವುದು ಅಷ್ಟು ಸುಲಭವಲ್ಲ, ಅಂಕಿ ಕುಣಿಯುತ್ತಲೇ ಇರುತ್ತದೆ.

ಕೆಲವರು ಮುಂದಿನ ಚಕ್ರ ಮೆಷಿನ್ ಮೇಲೆ ಇಟ್ಟು ಒಂದು ಸಲ, ಹಿಂದಿನದು ಇಟ್ಟು ಒಂದು ಸಲ ತೂಗಿ ಕೂಡಿಸುತ್ತಾರೆ. ಲೆಕ್ಕ ಸರಿಯೇ. ಆದರೆ ಇನ್ನೊಂದು ಚಕ್ರದ ಕೆಳಗೂ ಮೆಷಿನ್ನಿನಷ್ಟೇ ಎತ್ತರದ ಹಲಗೆ ಇಡಬೇಕು. ಇಡದಿದ್ದರೆ ಸೈಕಲ್ ಓರೆಯಾಗಿ ಭಾರ ಸ್ವಲ್ಪ ಕೆಳಗಿನ ಚಕ್ರದ ಕಡೆ ಜಾರುತ್ತದೆ, ಎರಡು ಸಲವೂ ಮೆಷಿನ್ ಕಡಿಮೆಯೇ ತೋರಿಸುತ್ತದೆ. ಹಗುರ ಸೈಕಲ್ ಬೇಕು ಅನ್ನುವವರಿಗೆ ಇದು ತುಂಬಾ ಇಷ್ಟವಾಗುವ ವಿಧಾನ.

ನಾನು ಹೋದದ್ದು ಗುಜರಿ ಅಂಗಡಿಗೆ. ಅಲ್ಲಿ ಅಗಲವಾದ ತಟ್ಟೆಯ ಮೆಷಿನ್ ಇದೆ, ಸೈಕಲ್ ಅಡ್ಡ ಮಲಗಿಸಿದರೂ ನೆಲ ತಾಗುವುದಿಲ್ಲ. ಅಂಗಡಿಯವರು ಸೈಕಲ್ ನೋಡಿದ ಕೂಡಲೇ ‘ಏನ್ರೀ ಸಾರ್, ಹಾಕೇ ಬಿಡ್ತೀರಾ? ಒಳ್ಳೇ ಕಬ್ಬಿಣ ಐತ್ರಿ’ ಅಂದರು. ಬರೀ ತೂಕ ನೋಡಬೇಕಿತ್ತು ಅಂದದ್ದಕ್ಕೆ ಅವರಿಗೆ ನನ್ನ ಮೇಲಿದ್ದ ಗೌರವ ಸ್ವಲ್ಪ ಇಳಿದಂತೆ ಕಾಣಿಸಿತು. ಆದರೂ ತೂಗಿ ಕೊಟ್ಟರು.

ಮೆಷಿನ್ನಿನ ತಗಡಿನ ಪಟ್ಟಿಯಲ್ಲಿ ಮ್ಯಾಕ್ಸ್ 150 ಕೆಜಿ, ಮಿನ್ 1 ಕೆಜಿ, ಇ 50 ಗ್ರಾಂ ಅಂತ ಇತ್ತು. ತೂಕದ ಮೆಷಿನ್ ಎಲ್ಲೇ ಕಂಡರೂ ಈ ಮೂರನ್ನು ಓದಿ. ‘ಇ’ ಅಂದರೆ ಮೆಷಿನ್ ಎಷ್ಟೆಷ್ಟು ಗ್ರಾಮಿನ ಹೆಜ್ಜೆಯಲ್ಲಿ ಅಳೆಯುತ್ತದೆ ಅನ್ನುವುದು. ಅಂಗಡಿಗಳಲ್ಲಿರುವ, ನಿಖರತೆಯಲ್ಲಿ ಮೂರನೇ ದರ್ಜೆಯ ಮೆಷಿನ್‌ಗಳಲ್ಲಿ ಮಿನ್ ಅನ್ನುವುದು ‘ಇ’ಯ ಇಪ್ಪತ್ತು ಪಟ್ಟು ಇರುತ್ತದೆ, ಅದಕ್ಕಿಂತ ಕಡಿಮೆ ತೂಕವನ್ನು ಅದರಲ್ಲಿ ತೂಗಬಾರದು. ಅಂದರೆ ಪೆಡಲ್ಲನ್ನೋ ಬೆಲ್ಲನ್ನೋ ಆ ಮೆಷಿನ್ ಮೇಲಿಟ್ಟು ನೋಡಿದರೆ ಬರುವ ಅಂಕಿಗೆ ಅರ್ಥವಿಲ್ಲ. ‘ಇ’ 50 ಗ್ರಾಂ ಇರುವುದರಿಂದ 15.4 ಅಂತ ತೋರಿಸಿದ್ದು 15.35 ಇರಬಹುದು, 15.45 ಇರಬಹುದು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹೊಸದಾಗಿದೆಯಾ ಅಂತಲೂ ನೋಡಿ. ನನಗೆ ಇಷ್ಟು ನಿಖರತೆ ಸಾಕು. ಒಂಬತ್ತಾ ಹದಿನೈದಾ ಅನ್ನುವ ಜಗಳಕ್ಕೆ 50 ಗ್ರಾಂ ಯಾವ ಲೆಕ್ಕ?

ಬಿಡಿ ಭಾಗಗಳಿಗೆ ಬೇರೆ ವ್ಯವಸ್ಥೆ. ಚಕ್ರ, ಫ್ರೇಮಿಗೆ ಲಗೇಜ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ, ಸಣ್ಣ ಸಾಮಾನಿಗೆ ಅಡುಗೆಮನೆಯ ತಕ್ಕಡಿ. ಕೊಕ್ಕೆ ತಕ್ಕಡಿಯನ್ನು ಕಿರಾಣಿ ಅಂಗಡಿಯ ಐದು ಕೆಜಿ ತೂಕದ ಬಟ್ಟು ನೇತುಹಾಕಿ ಪರೀಕ್ಷೆ ಮಾಡಿಕೊಂಡೆ. ಹೇಗೂ ಬೇರಿಂಗ್‌ಗಳಿಗೆ ಗ್ರೀಸ್ ಹಾಕಬೇಕಿತ್ತು, ಪೂರ್ತಿ ಬಿಚ್ಚಿ ಹಾಸಿದ್ದೆ. ಮನೆಯಲ್ಲಿ ಹಾಲ್ ತುಂಬಾ ಸೈಕಲ್ಲು. ಆ ಕಥೆ ಬೇಡ ಬಿಡಿ.

ಮೊದಲು ಸ್ಟ್ಯಾಂಡು, ಕ್ಯಾರಿಯರ್ರು, ಮಡ್‌ಗಾರ್ಡು, ಬೀಗದ ಚೈನು, ಪಂಪು, ಬೆಲ್ಲು, ಖಾಲಿ ಬಾಟ್ಲಿ ಇವೆಲ್ಲ ಸೇರಿ ಎರಡೂವರೆ ಕೆಜಿ. ಇವನ್ನು ತೆಗೆದರೆ 12.9. ಇದನ್ನೇ ನಾನು ಸೈಕಲ್ಲಿನ ತೂಕ ಅಂತ ಹೇಳುವುದು, ಪೆಡಲ್ ಸೇರಿಸಿ. ಪೆಡಲ್ ಇಲ್ಲದೆ ಯಾರು ಓಡಿಸುತ್ತಾರೆ? ಇನ್ನು ಚಕ್ರ. ಮುಂದಿನದು 1.9, ಹಿಂದಿನದು ಫ್ರೀವೀಲ್ ಸೇರಿ 2.8. ಎರಡೂ ಕೂಡಿ 4.7 ಕೆಜಿ! ಟೈರಿನೊಳಗಿನ ಗಾಳಿಗೂ ತೂಕ ಇದೆ, ತಮಾಷೆಗೆ ಲೆಕ್ಕ ಹಾಕಿದೆ, 70 ಪಿಎಸ್‌ಐ ಹೊಡೆದರೆ ಒಂದು ಚಕ್ರಕ್ಕೆ ಎಂಟು ಗ್ರಾಂ ಆಸುಪಾಸು ಜಾಸ್ತಿ. ಪೆಡಲ್ ಕೂರುವ ತೋಳು, ಅಂದರೆ ಕಾಟರ್ ಪಿನ್ ಬಡಿದು ಕೂರಿಸುವ ಸ್ಟೀಲ್ ಕ್ರ್ಯಾಂಕು, ಅದರ ಬೇರಿಂಗು ಎಲ್ಲ ಸೇರಿ 1.4.

ಫ್ರೇಮ್ ಎಷ್ಟು ಗೊತ್ತಾ? 2.15. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಮುಕ್ಕಾಲು ಕೆಜಿ. ಅಂದರೆ ಎಲ್ಲರೂ ಯಾವುದನ್ನು ‘ಕಬ್ಬಿಣ’ ಅಂತ ಬೈಯುತ್ತಾರೋ ಅದು ಫೋರ್ಕ್ ಸೇರಿ ಮೂರು ಕೆಜಿಯೂ ಇಲ್ಲ. ಎರಡು ಚಕ್ರಗಳೇ ಅದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಭಾರ. ಅಂದಹಾಗೆ ಚಕ್ರ ಎರಡೂ ಬಿಚ್ಚಿ ತೂಗಿದರೆ ಸೈಕಲ್ 8.2 ಬರುತ್ತದೆ. ಒಂಬತ್ತು ಎಲ್ಲಿಂದ ಬಂತು ಅಂತ ನಾನು ಏನೂ ಹೇಳುವುದಿಲ್ಲ.

ಫ್ರೇಮ್ ವಿಷಯದಲ್ಲಿ ಮಾತ್ರ ಮಾರಿದವರ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಸ್ಟಿಕ್ಕರ್ ಇಲ್ಲದಿದ್ದರೂ ಇದನ್ನು ಪತ್ತೆ ಮಾಡುವ ಒಂದು ದಾರಿ ಇದೆ, ಸೀಟ್ ಪೋಸ್ಟಿನ, ಅಂದರೆ ಫ್ರೇಮಿನ ಕೊಳವೆಯೊಳಗೆ ಇಳಿದು ಸೀಟು ಹೊರುವ ಸರಳಿನ, ದಪ್ಪ ಅಳೆಯುವುದು. ಒಳ್ಳೇ ಸ್ಟೀಲ್ ಅಂದರೆ ಹಗುರ ಸ್ಟೀಲ್ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಯಾವ ಸ್ಟೀಲ್ ಆದರೂ ಒಂದು ಘನ ಸೆಂಟಿಮೀಟರ್‌ಗೆ 7.85 ಗ್ರಾಂ ಆಸುಪಾಸೇ. ಒಳ್ಳೇದು ಗಟ್ಟಿ ಇರುವುದರಿಂದ ಕೊಳವೆಯನ್ನು ತೆಳ್ಳಗೆ ಮಾಡಬಹುದು, ತೂಕ ಉಳಿಯುವುದು ಅಲ್ಲಿ. ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್‌ನವರು ಮ್ಯಾಂಗನೀಸ್, ಮಾಲಿಬ್ಡಿನಮ್ ಸೇರಿಸಿದ 531 ಅನ್ನು 1935ರಲ್ಲಿ ತಂದರು. ಅದಕ್ಕೂ ಮೊದಲು, 1897ರಲ್ಲೇ, ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುವೆ ತೆಳು ಇರುವ ಕೊಳವೆಗೆ ಪೇಟೆಂಟ್ ತೆಗೆದುಕೊಂಡಿದ್ದರು.

ಇಂಗ್ಲಿಷ್ ಅಳತೆಯ ಫ್ರೇಮಿನಲ್ಲಿ ಸೀಟಿನ ಕೊಳವೆಯ ಹೊರಗಿನ ಅಳತೆ 28.6 ಮಿಲಿಮೀಟರ್. ಕೊಳವೆಯ ಗೋಡೆ 0.6 ದಪ್ಪ ಇದ್ದರೆ ಒಳಗೆ 27.4 ಉಳಿಯುತ್ತದೆ, ಅದಕ್ಕೆ 27.2ರ ಪೋಸ್ಟು ಕೂರುತ್ತದೆ. ಸಾಧಾರಣ ದಪ್ಪ ಕೊಳವೆ 1.2 ಇದ್ದರೆ ಒಳಗೆ 26.2 ಮಾತ್ರ, ಪೋಸ್ಟು 26. ಅದೇ 58 ಸೆಂಟಿಮೀಟರ್ ಉದ್ದಕ್ಕೆ ಲೆಕ್ಕ ಹಾಕಿ, 0.6ರದ್ದು ಸುಮಾರು 240 ಗ್ರಾಂ, 1.2ರದ್ದು 470. ಒಂದೇ ಕೊಳವೆಯಲ್ಲಿ 230 ಗ್ರಾಂ! ಫ್ರಾನ್ಸಿನ ಹಳೇ ಫ್ರೇಮ್‌ಗಳ ಕೊಳವೆ 28 ಮಿಲಿಮೀಟರ್, ಅವಕ್ಕೆ ಈ ಲೆಕ್ಕ ನಡೆಯುವುದಿಲ್ಲ. ನನ್ನ ಪೋಸ್ಟನ್ನು ವರ್ನಿಯರ್‌ನಲ್ಲಿ ಹಿಡಿದೆ. 27.2. ಅದು 531ಏ ಅಂತ ಇದರಿಂದ ಸಾಬೀತಾಗುವುದಿಲ್ಲ, ಆದರೆ ತೆಳು ಕೊಳವೆಯ ಒಳ್ಳೇ ಫ್ರೇಮು ಅನ್ನುವುದು ಖಾತ್ರಿ. ನನ್ನ ಊಹೆ ಇಷ್ಟು: ಇದು ಬಂದಾಗ ಹಗುರವಾಗೇ ಇತ್ತು. ಆಮೇಲೆ ಒಂದೊಂದೇ ಭಾಗ ಸವೆದಂತೆ, ಸಿಕ್ಕಿದ ಸ್ಟೀಲ್ ರಿಮ್ಮು, ಸ್ಟೀಲ್ ಕ್ರ್ಯಾಂಕು, ಲೂಧಿಯಾನಾದ ಪೆಡಲ್ಲು ಹಾಕುತ್ತಾ ಬಂದಿದ್ದಾರೆ. ಬೆಸ್ಟ್ ಫ್ರೇಮಿಗೆ ಹಾಲಿನ ಕ್ಯಾನ್ ಹೊರುವ ಸೈಕಲ್ಲಿನ ಸಾಮಾನು.

ಸರಿ, ಈ ತೂಕದಿಂದ ನಷ್ಟ ಎಷ್ಟು? ಒಂದು ಕೆಜಿಯನ್ನು 100 ಮೀಟರ್ ಎತ್ತರಕ್ಕೆ ಏರಿಸಲು 980 ಜೂಲ್ ಬೇಕು. ಏರಿನಲ್ಲಿ 150 ವಾಟ್ ತುಳಿಯುವವನಿಗೆ ಅದು ಆರೂವರೆ ಸೆಕೆಂಡ್ ಕೆಲಸ. ಚಿತ್ರದುರ್ಗದಲ್ಲಿ ಆಡುಮಲ್ಲೇಶ್ವರ ದಾಟಿ ಜೋಗಿಮಟ್ಟಿ ಕಡೆ ಏರುವಾಗ ನನ್ನ ಎರಡೂವರೆ ಕೆಜಿ ಕ್ಯಾರಿಯರ್ ಸಂಸಾರ ಪ್ರತಿ 100 ಮೀಟರ್ ಎತ್ತರಕ್ಕೆ ಹದಿನಾರು ಸೆಕೆಂಡ್ ತಿನ್ನುತ್ತದೆ. ಅಷ್ಟೇ. ಏದುಸಿರು ಬರುತ್ತಿರುವುದಕ್ಕೆ ಸೈಕಲ್ಲನ್ನು ಬೈದುಕೊಳ್ಳುವುದು ನ್ಯಾಯ ಅಲ್ಲ. ನಾನು 72 ಕೆಜಿ, ಬೆಣ್ಣೆ ದೋಸೆ ಊರಲ್ಲಿರುವವನು.

ಸಮತಟ್ಟು ರಸ್ತೆಯಲ್ಲಂತೂ ತೂಕ ಗೊತ್ತೇ ಆಗುವುದಿಲ್ಲ. ಹಳೇ ಪಿಬಿ ರಸ್ತೆಯಲ್ಲಿ ಹರಿಹರದ ಕಡೆ ಹೋಗುವಾಗ ಆಷಾಢದ ಗಾಳಿ ಎದುರಿಗೆ ಬಂದರೆ ಒಂಬತ್ತು ಕೆಜಿಯದಾದರೂ ಒಂದೇ, ಹದಿನೈದಾದರೂ ಒಂದೇ. ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ?

ಹಾಗಾಗಿ ಫ್ರೇಮ್ ಮುಟ್ಟುವುದಿಲ್ಲ, ಮಾರುವುದೂ ಇಲ್ಲ. ಮೊದಲು ರಿಮ್ ಬದಲಿಸುತ್ತೇನೆ. ಅಲಾಯ್ ಹಾಕಿದರೆ ಒಂದೊಂದಕ್ಕೆ 300 ಗ್ರಾಂ ಆಸುಪಾಸು ಇಳಿಯುತ್ತದೆ, ಆದರೆ ನಿಜವಾದ ಲಾಭ ಮಳೆಯಲ್ಲಿ. ಒದ್ದೆಯಾದ ಕ್ರೋಮ್ ಸ್ಟೀಲ್ ರಿಮ್ಮಿಗೆ ಬ್ರೇಕ್ ಹಿಡಿಯುವುದೇ ಇಲ್ಲ, ಗೊತ್ತಿದ್ದವರಿಗೆ ಗೊತ್ತು. ಈಗಿರುವುದು 27 ಇಂಚಿನದು, ಅಂದರೆ ಟೈರ್ ಕೂರುವ ಜಾಗದ ವ್ಯಾಸ 630 ಮಿಲಿಮೀಟರ್. ಈಗಿನ ರೋಡ್ ಸೈಕಲ್‌ಗಳ 700ಸಿ ಅಳತೆಯದು ಹಾಕಿದರೆ 622. ಬ್ರೇಕ್ ಶೂ ನಾಲ್ಕು ಮಿಲಿಮೀಟರ್ ಕೆಳಗಿಳಿಸಬೇಕು, ನನ್ನ ಬ್ರೇಕಿನ ಸೀಳಿನಲ್ಲಿ ಅಷ್ಟು ಜಾಗ ಇದೆ, ಅಳೆದಿದ್ದೇನೆ. ಟೈರುಗಳ ಆಯ್ಕೆಯೂ ಜಾಸ್ತಿ ಸಿಗುತ್ತದೆ.

ಕ್ರ್ಯಾಂಕ್ ಸದ್ಯಕ್ಕೆ ಇರಲಿ. ಆ ಕಾಟರ್ ಪಿನ್ನುಗಳನ್ನು ಮತ್ತೆ ಸುತ್ತಿಗೆಯಲ್ಲಿ ಹೊಡೆದು ತೆಗೆಯುವ ಉತ್ಸಾಹ ಈಗ ಇಲ್ಲ. ಕ್ಯಾರಿಯರ್ರೂ ಇರುತ್ತದೆ, ಸಂತೆಗೆ ಹೋಗಬೇಕಲ್ಲ. ಯಾರಾದರೂ ನಿನ್ನ ಸೈಕಲ್ ಎಷ್ಟು ತೂಕ ಅಂತ ಕೇಳಿದರೆ ಎರಡು ಅಂಕಿ ಹೇಳುತ್ತೇನೆ: ಪೆಡಲ್ ಸಮೇತ 12.9, ಸಂತೆಗೆ ಹೊರಟಾಗ 15.4, ಬಾಟ್ಲಿಯ ನೀರು ಬಿಟ್ಟು.