ಎಡಗಾಲಿನ ಸ್ಕಿನ್ ಯಾಕೆ ಕಳಚುತ್ತಿತ್ತು: ಸೇಥನ್ ಟಿಪ್ಪಣಿ, ಮೂರನೇ ಕಂತು

ಕೊನೆಗೂ ಸಿಕ್ಕಿತು. ಹನ್ನೊಂದು ದಿನ, ಎರಡು ಟ್ಯೂಬ್ ಅಂಟು, ಒಂದು ಜಗಳದ ಸಂದೇಶ ಮತ್ತು ಒಂದು ಸುಟ್ಟ ಹೆಬ್ಬೆರಳು ಖರ್ಚಾದ ಮೇಲೆ ಎಡ ಸ್ಕೀಯ ಸ್ಕಿನ್ ಯಾಕೆ ಕಳಚಿ ಬೀಳುತ್ತಿತ್ತು ಎಂಬುದು ಪತ್ತೆಯಾಯಿತು. (ಸ್ಕಿನ್ ಎಂದರೆ ಹಿಮದಲ್ಲಿ ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀಯ ತಳಕ್ಕೆ ಅಂಟಿಸುವ ಕೂದಲಿನ ಪಟ್ಟಿ. ಇಳಿಯುವಾಗ ಬಿಚ್ಚಿಡುತ್ತೇವೆ.) ಪತ್ತೆಯಾದಾಗ ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಹೊಸಬರಿಗೆ ಊರಿನ ಪರಿಚಯ ಎರಡೇ ಮಾತಿನಲ್ಲಿ. ಮನಾಲಿಯ ಹತ್ತಿರ, ಬಿಯಾಸ್ ನದಿಯ ಎಡದಂಡೆಯಲ್ಲಿ ಪ್ರೀಣಿ ಇದೆ. ಅಲ್ಲಿಂದ ತಿರುವಿನ ಮೇಲೆ ತಿರುವು ಹಾಕುತ್ತಾ ಏರಿದರೆ ಸುಮಾರು 2,700 ಮೀಟರ್ ಎತ್ತರದಲ್ಲಿ ಸೇಥನ್. ಅದರಾಚೆ ಹಾಮ್ಟಾ ಕಣಿವೆ. ಇಲ್ಲಿ ರೋಪ್‌ವೇ ಇಲ್ಲ, ಲಿಫ್ಟ್ ಇಲ್ಲ, ಬಾಡಿಗೆಯ ಬಣ್ಣದ ಕೋಟು ತೊಡಿಸಿ ಫೋಟೊ ಹೊಡೆಯುವವರ ಸಾಲೂ ಇಲ್ಲ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಹಿಮ ನೋಡಲು ಬರುವ ಕಾರುಗಳಲ್ಲಿ ಬಹುಪಾಲು ಆ ಒಂಬತ್ತು ಕಿಲೋಮೀಟರ್ ದಾಟಿ ಲಾಹೌಲ್‌ನ ಸಿಸ್ಸುವಿನ ಕಡೆಗೆ ಓಡುತ್ತವೆ. ಓಡಲಿ, ನಮಗೇನೂ ಬೇಸರವಿಲ್ಲ. ಇಲ್ಲಿ ಇಳಿಯಬೇಕೆಂದರೆ ಮೊದಲು ನಡೆದೇ ಹತ್ತಬೇಕು. ಹತ್ತಬೇಕೆಂದರೆ ಸ್ಕೀಯ ತಳಕ್ಕೆ ಸ್ಕಿನ್ ಅಂಟಿರಬೇಕು. ಕಥೆ ಶುರುವಾಗುವುದೇ ಅಲ್ಲಿ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಕೂರಿಸಿದ್ದು, ಬೂಟಿನ ಒಳಪದರ ಬಿಸಿ ಮಾಡಿ ಅಚ್ಚು ಹಾಕಿದ್ದು, ಸ್ಕಿನ್ ಕತ್ತರಿಸಿದ್ದು ಎಲ್ಲವನ್ನೂ ಹಿಂದಿನ ಕಂತುಗಳಲ್ಲಿ ಬರೆದಿದ್ದೇನೆ. ನನ್ನ ಸ್ಕಿನ್ ಶೇ 70 ಮೊಹೇರ್ (ಆಡಿನ ಕೂದಲು), ಶೇ 30 ನೈಲಾನ್. ಸೆಕೆಂಡ್ ಹ್ಯಾಂಡ್ ಮಾಲು. ಕೂದಲು ಚೆನ್ನಾಗಿದೆ, ಅಂಟು ಮಾತ್ರ ಮುದುಕಾಗಿತ್ತು ಎಂದುಕೊಂಡಿದ್ದೆ.

ಮೊದಲ ದಿನ ಪಾಂಡು ರೋಪಾವರೆಗೆ ಏರಿದೆವು. ಪಾಂಡವರು ಭತ್ತ ನಾಟಿ ಮಾಡಿದ ಜಾಗ ಎಂದು ಊರಿನವರು ಹೇಳುವ ಹುಲ್ಲುಗಾವಲು ಅದು. ಫೆಬ್ರವರಿಯಲ್ಲಿ ಅಲ್ಲಿ ಭತ್ತವಿರಲಿ, ಬೇಲಿಯ ಗೂಟವೂ ಕಾಣುವುದಿಲ್ಲ. ಏರಿಕೆಯಲ್ಲಿ ಯಾವ ತಕರಾರೂ ಇರಲಿಲ್ಲ. ಸ್ಕಿನ್ ಬಿಚ್ಚಿ, ಮಡಚಿ, ಜಾಕೆಟ್ಟಿನೊಳಗೆ ತುರುಕಿ ಇಳಿದೆವು. ಇಳಿಜಾರಿನ ಆ ನಾಲ್ಕು ನಿಮಿಷಗಳ ಬಗ್ಗೆ ಬರೆದರೆ ಹೊಟ್ಟೆಕಿಚ್ಚು ಪಡುತ್ತೀರಿ, ಬಿಡಿ. ಎರಡನೇ ಸಲ ಏರಲು ಸ್ಕಿನ್ ಹಾಕಿದೆ. ಇಪ್ಪತ್ತು ಹೆಜ್ಜೆ ಇಟ್ಟಿರಲಿಲ್ಲ, ಎಡಗಾಲಿನ ಹಿಂದೆ ಏನೋ ಪಟಪಟ ಎಂದಿತು. ತಿರುಗಿ ನೋಡಿದರೆ ಸ್ಕಿನ್ನಿನ ಹಿಂದಿನ ತುದಿ ನಾಯಿಯ ಬಾಲದ ಹಾಗೆ ಹಿಮದಲ್ಲಿ ಆಡುತ್ತಿದೆ.

ಒಮ್ಮೆ ತುದಿ ಬಿಟ್ಟುಕೊಂಡರೆ ಮುಂದಿನದು ನಿಮಗೆಲ್ಲ ಗೊತ್ತು. ಸಂದಿಯಲ್ಲಿ ಪುಡಿಹಿಮ ನುಗ್ಗುತ್ತದೆ, ಅಂಟು ಒದ್ದೆಯಾಗುತ್ತದೆ, ಐದು ನಿಮಿಷದಲ್ಲಿ ಅರ್ಧ ಸ್ಕಿನ್ ಕೈಗೆ ಬರುತ್ತದೆ. ತಳವನ್ನು ಒರೆಸಿದೆ. ಹಳೆಯ ಎಟಿಎಂ ಕಾರ್ಡಿನಿಂದ ಹಿಮ ಕೆರೆದೆ. ಸ್ಕಿನ್ನನ್ನು ಹೊಟ್ಟೆಗೆ ಒತ್ತಿಕೊಂಡು ಹತ್ತು ನಿಮಿಷ ಕುಳಿತೆ. ಮೈನಸ್ ಎಂಟು ಡಿಗ್ರಿಯಲ್ಲಿ ಒದ್ದೆ ಮೊಹೇರನ್ನು ಹೊಟ್ಟೆಗೆ ಕಟ್ಟಿಕೊಂಡವನಿಗೇ ಗೊತ್ತು ಅದರ ಸುಖ. ಕೊನೆಗೆ ಎರಡು ರಬ್ಬರ್ ಪಟ್ಟಿ ಬಿಗಿದು ಕುಂಟುತ್ತಾ ಮನೆ ಸೇರಿದೆ. ಬಲಗಾಲು ಹತ್ತುತ್ತಿತ್ತು, ಎಡಗಾಲು ಇಳಿಯುತ್ತಿತ್ತು, ನಾನು ನಡುವೆ ಸಿಕ್ಕಿದ್ದೆ.

ಅಂಟಿನದೇ ತಪ್ಪು ಎಂದು ತೀರ್ಮಾನಿಸಿದೆ. ಊರಿನಿಂದ ತಂದಿದ್ದ ಎರಡು ಟ್ಯೂಬ್‌ಗಳಲ್ಲಿ ಒಂದನ್ನು ಒಡೆದೆ. ಈ ಅಂಟಿನಲ್ಲಿ ಬೇಗ ಹೊತ್ತಿಕೊಳ್ಳುವ ದ್ರಾವಕ ಇರುವುದರಿಂದ ಅದು ವಿಮಾನ ಹತ್ತುವಂತಿಲ್ಲ. ಹಾಗಾಗಿ ರಸ್ತೆಯ ಮೇಲೆ ತಿಂಗಳುಗಟ್ಟಲೆ ತಿರುಗಿ ನಮ್ಮ ಕೈ ಸೇರುತ್ತದೆ. ನನಗೆ ಮಾರಿದವರು (ಹೆಸರು ಬೇಡ, ಪುಣ್ಯಾತ್ಮರು) ಇದರ ಜೊತೆಗೇ ಕಳಿಸಬೇಕಾಗಿದ್ದ, ಸ್ಕೀಯ ತಳ ಕೆರೆಯುವ ಅಕ್ರಿಲಿಕ್ ಸ್ಕ್ರೇಪರನ್ನು ಮರೆತಿದ್ದರು. ಕೇಳಿದರೆ "ಮುಂದಿನ ವಾರ" ಎಂದರು. ಯಾವ ತಿಂಗಳ ಮುಂದಿನ ವಾರ ಎಂದು ಕೇಳದೇ ಇದ್ದದ್ದು ನನ್ನ ತಪ್ಪು. ಎದುರಿನ ಬುರುವಾ ಊರಿನ ಆಂಚಲ್ ಠಾಕೂರ್ 2018ರಲ್ಲಿ ತುರ್ಕಿಗೆ ಹೋಗಿ ಸ್ಕೀಯಿಂಗ್‌ನಲ್ಲಿ ಕಂಚು ಗೆದ್ದು ಬಂದರು. ಅಂಥವರನ್ನು ಬೆಳೆಸಿದ ಕಣಿವೆಯಲ್ಲಿ ಒಂದು ಅಂಗೈಯಗಲದ ಪ್ಲಾಸ್ಟಿಕ್ ಚೂರಿಗಾಗಿ ನಾನು ಅಂಗಡಿ ಅಂಗಡಿ ಅಲೆದು ಬರಿಗೈಯಲ್ಲಿ ಬಂದೆ.

ತಂದೂರ್ ಒಲೆ ಉರಿಯುವ ಕೋಣೆಯಲ್ಲಿ ದ್ರಾವಕದ ಅಂಟು ತೆರೆಯುವಷ್ಟು ಹುಚ್ಚು ನನಗಿಲ್ಲ. ಹೊರಗಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಕುಳಿತೆ. ಚಳಿಗೆ ಅಂಟು ಬೆಲ್ಲದ ಗಟ್ಟಿ ಪಾಕದ ಹಾಗಾಗಿತ್ತು. ಟ್ಯೂಬನ್ನು ಬಿಸಿನೀರಿನ ಚೆಂಬಿನಲ್ಲಿ ಇಳಿಬಿಟ್ಟು, ತೆಳುವಾಗಿ ಎರಡು ಪದರ ಬಳಿದು, ಒಂದೊಂದನ್ನೂ ಇಡೀ ದಿನ ಒಣಗಿಸಿದೆ. ಬೆರಳು ಒತ್ತಿ ಎತ್ತಿದರೆ ಚರ್ಮವೇ ಬರುವಂತಿತ್ತು. ಮಾರನೆಯ ದಿನ ಮೊದಲ ಏರಿಕೆ ಅದ್ಭುತ. ಎರಡನೆಯದರಲ್ಲಿ ಮತ್ತೆ ಪಟಪಟ, ಮತ್ತೆ ಎಡಗಾಲು.

ಆಗ ಬುದ್ಧಿವಂತಿಕೆ ತೋರಿಸಲು ಹೋದೆ. ಸ್ಕಿನ್‌ಗಳನ್ನು ಅದಲುಬದಲು ಮಾಡಿದರೆ ಕಳ್ಳ ಸಿಕ್ಕಿಬೀಳಬೇಕಲ್ಲವೇ? ಸ್ಕಿನ್ ಕೆಟ್ಟಿದ್ದರೆ ತೊಂದರೆ ಬಲಗಾಲಿಗೆ ಹೋಗಬೇಕು, ಸ್ಕೀ ಕೆಟ್ಟಿದ್ದರೆ ಎಡಗಾಲಿನಲ್ಲೇ ಉಳಿಯಬೇಕು. ಹಾಕಿ ಹತ್ತಿದೆ. ಬಲಗಾಲಿನದು ಹತ್ತು ಹೆಜ್ಜೆಗೇ ಬಿತ್ತು. ಎಡಗಾಲಿನದು ಎರಡನೇ ಏರಿಕೆಯಲ್ಲಿ ಬಿತ್ತು. ಎರಡೂ! ಸ್ಕೀಗಳನ್ನು ಹೆಗಲ ಮೇಲೆ ಹೊತ್ತು ಸೊಂಟದವರೆಗಿನ ಹಿಮದಲ್ಲಿ ಇಳಿದು ಬಂದೆ. ಮನೆಯ ಯಜಮಾನರು ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ಒಂದು ಕ್ಷಣ ನೋಡಿ, "ಭಾಯಿಸಾಬ್, ನಾಳೆ ಹಸುವಿನ ಹಗ್ಗ ಕೊಡುತ್ತೇನೆ, ಕಟ್ಟಿಕೊಂಡು ಹೋಗಿ" ಎಂದರು. ಅಂದು ರಾತ್ರಿಯೇ ಮಾರಿದವರಿಗೆ ಉದ್ದದ ಸಂದೇಶ ಬರೆದೆ. ಅವಧಿ ಮೀರಿದ ಅಂಟು ಕೊಟ್ಟಿದ್ದೀರಿ, ಸ್ಕ್ರೇಪರ್ ನುಂಗಿದ್ದೀರಿ, ಇತ್ಯಾದಿ. ಕೆಲವು ವಿಶೇಷಣಗಳನ್ನು ಇಲ್ಲಿ ಬರೆಯುವಂತಿಲ್ಲ.

ಮುಂದಿನ ಎರಡು ದಿನ ಹಿಮ ಸುರಿಯಿತು. ಮೇಲಿನ ಇಳಿಜಾರು ಮೂವತ್ತು ಡಿಗ್ರಿ ಮೀರಿದ್ದು. ಹೊಸ ಹಿಮದ ಭಾರ ಹೊತ್ತಾಗ ಹಿಮಕುಸಿತದ ಭಯ, ಅದರ ಕೆಳಗೆ ಹೋಗುವುದಿಲ್ಲ ಎಂಬುದು ನಮ್ಮ ನಿಯಮ. ಸುಮ್ಮನೆ ಕೂರಲಾರದೆ ಮುಂದಿನ ಯೋಜನೆಗೆ ಕೈ ಹಾಕಿದೆ. ಅದೆಂದರೆ ಎಳೆಬಂಡಿ. ರಸ್ತೆ ಮುಚ್ಚಿದ ದಿನ ಸಾಮಾನೆಲ್ಲ ಬೆನ್ನ ಮೇಲೆ ಹೊರುವ ಬದಲು ಹಿಂದೆ ಎಳೆದುಕೊಂಡು ಬರಬೇಕು ಎಂಬುದು ಬಹಳ ದಿನದ ಆಸೆ. ನೀರು ತುಂಬಿಡುವ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ದೋಣಿಯಂಥ ತಳ ತಾನಾಗಿಯೇ ಸಿಗುತ್ತದೆ. ಎಳೆಯಲು ಬರೀ ಹಗ್ಗ ಕಟ್ಟಿದರೆ ಇಳಿಜಾರಿನಲ್ಲಿ ಬಂಡಿ ಬಂದು ಹಿಮ್ಮಡಿಗೆ ಗುದ್ದುತ್ತದೆ. ಅದಕ್ಕಾಗಿ ಹಗ್ಗವನ್ನು ಎರಡು ಪಿವಿಸಿ ಪೈಪುಗಳೊಳಗೆ ತೂರಿಸಿ, ಪೈಪುಗಳು ನಡುವೆ ಕತ್ತರಿಯಂತೆ ಅಡ್ಡ ಹಾಯುವ ಹಾಗೆ ಸೊಂಟಪಟ್ಟಿಗೆ ಜೋಡಿಸಬೇಕು. ಆಗ ತಿರುವಿನಲ್ಲಿ ಬಂಡಿ ಹೇಳಿದ ಮಾತು ಕೇಳುತ್ತದೆ. ಕೆಳಗೆ ಎರಡು ಉದ್ದ ಪಟ್ಟಿ ಕೂರಿಸದಿದ್ದರೆ ಅಡ್ಡ ಇಳಿಜಾರಿನಲ್ಲಿ ಜಾರುತ್ತದೆ ಎಂಬ ಅನುಮಾನವಿದೆ. ಇದು ಸರಿಹೋದರೆ ಮುಂದಿನ ಚಳಿಗಾಲಕ್ಕೆ ಉತ್ತರಾಖಂಡದ ಮುನ್ಸ್ಯಾರಿಯ ಮೇಲಿನ ಖಲಿಯಾ ಟಾಪ್. ಪಂಚಚೂಲಿ ಶಿಖರಗಳ ಎದುರಿಗೇ ಡೇರೆ ಹಾಕಿ ಮೂರು ದಿನ. ನಕ್ಷೆ ಆಗಲೇ ಗೋಡೆಯ ಮೇಲಿದೆ.

ಡ್ರಮ್ ಸೀಳುವ ಗೆರೆಗೆ ಮಾಸ್ಕಿಂಗ್ ಟೇಪ್ ಹಚ್ಚುತ್ತಿದ್ದೆ. ಟೇಪನ್ನು ಮೊದಲೇ ತುಂಡು ತುಂಡು ಮಾಡಿ ಹತ್ತಿರ ಏನಿದೆಯೋ ಅದಕ್ಕೆ ತೂಗುಹಾಕುವುದು ನನ್ನ ಚಾಳಿ. ಹತ್ತಿರ ಇದ್ದದ್ದು ಗೋಡೆಗೆ ಒರಗಿಸಿದ ಸ್ಕೀಗಳು. ನಾಲ್ಕು ತುಂಡು ಬಲ ಸ್ಕೀಯ ತಳಕ್ಕೆ, ನಾಲ್ಕು ಎಡಕ್ಕೆ. ಒಂದು ಗೆರೆ ಮುಗಿಸಿ ಕೈ ಚಾಚಿದರೆ ಬಲದ ನಾಲ್ಕೂ ಇದ್ದಲ್ಲೇ ಇವೆ, ಎಡದ ನಾಲ್ಕೂ ನೆಲದ ಮೇಲೆ ಬಿದ್ದಿವೆ. ಒಂದನ್ನು ಎತ್ತಿ ದೀಪಕ್ಕೆ ಹಿಡಿದೆ. ಅಂಟಿನ ಮೇಲೆ ಮಂಜು ಮುಸುಕಿದ ಹಾಗೆ ಬಿಳಿಯ ಪುಡಿ. ಉಗುರಿನಿಂದ ಎಡ ಸ್ಕೀಯ ತಳ ಗೀರಿದೆ. ಉಗುರಿನ ಸಂದಿಗೆ ಮೇಣ ಬಂತು.

ಎಲ್ಲ ನೆನಪಾಯಿತು. ಬಂದ ದಿನ ಸಂಜೆ ಬಟ್ಟೆಯ ಇಸ್ತ್ರಿ ಪೆಟ್ಟಿಗೆಯಲ್ಲಿ (ಹೌದು, ಬೈಯಿರಿ) ಇಳಿಯುವಾಗ ಚೆನ್ನಾಗಿ ಜಾರಲಿ ಎಂದು ಎರಡೂ ಸ್ಕೀಗಳ ತಳಕ್ಕೆ ಮೇಣ ಹಾಕಿದ್ದೆ. ಬಲದ್ದು ಮುಗಿದು ಎಡದ್ದು ಅರ್ಧವಾದಾಗ ಕರೆಂಟ್ ಹೋಯಿತು. ಮೇಣ ತಳಕ್ಕೆ ಇಳಿಯುವ ಮೊದಲೇ ಪೆಟ್ಟಿಗೆ ತಣ್ಣಗಾಯಿತು. ದಪ್ಪಗೆ ಕೂತ ಮೇಣವನ್ನು ತಲೆದೀಪದ ಬೆಳಕಿನಲ್ಲಿ, ಯಜಮಾನರ ಮಗಳ ಶಾಲೆಯ ಸ್ಕೇಲಿನಿಂದ ಕೆರೆದೆ. ಸ್ಕೇಲು ಬಾಗುತ್ತದೆ. ಬಾಗಿದ ಸ್ಕೇಲು ಮೇಣ ತೆಗೆಯುವುದಿಲ್ಲ, ಸವರುತ್ತದೆ. ಹಿತ್ತಾಳೆ ಬ್ರಷ್ ಚೀಲದ ತಳದಲ್ಲಿತ್ತು, ಹುಡುಕಲು ಸೋಮಾರಿತನ. ಬೆಳಿಗ್ಗೆ ನೋಡಿದರೆ ತಳ ಥಳಥಳ ಹೊಳೆಯುತ್ತಿತ್ತು. ನನ್ನ ಕೈಕೆಲಸಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಮೊದಲ ಏರಿಕೆ ಯಾಕೆ ಮೋಸ ಮಾಡಿತು ಎಂಬುದೂ ಈಗ ಬಿಡಿಸಿಕೊಂಡಿತು. ಬೆಳಿಗ್ಗೆ ಸ್ಕಿನ್ ಹಾಕುತ್ತಿದ್ದುದು ಒಲೆಯ ಪಕ್ಕ, ಬೆಚ್ಚಗಿನ ಕೋಣೆಯಲ್ಲಿ, ಅಂಗೈಯಿಂದ ಒತ್ತಿ ಒತ್ತಿ. ಬೆಚ್ಚಗಿನ ಅಂಟು ಮೇಣದ ಮೇಲೂ ಹಿಡಿದುಕೊಳ್ಳುತ್ತಿತ್ತು. ಬಿಚ್ಚುವಾಗ ಮೇಣದ ತೆಳು ಪದರವನ್ನು ಹೊತ್ತು ತರುತ್ತಿತ್ತು. ಎರಡನೇ ಸಲ ಹಾಕುವುದು ಬಯಲಿನ ಚಳಿಯಲ್ಲಿ. ಅಂಟೂ ಗಟ್ಟಿ, ಮೇಲೆ ಮೇಣದ ಮುಸುಕು ಬೇರೆ. ಅದಲುಬದಲಿನ ಪರೀಕ್ಷೆಯೂ ಇದಕ್ಕೇ ಕೆಟ್ಟಿತು. ಮೇಣ ಮೆತ್ತಿದ ಸ್ಕಿನ್ ಒಳ್ಳೆಯ ಸ್ಕೀಯ ಮೇಲೂ ನಿಲ್ಲಲಿಲ್ಲ, ಒಳ್ಳೆಯ ಸ್ಕಿನ್ ಮೇಣದ ಸ್ಕೀಯನ್ನು ಮುಟ್ಟಿ ತಾನೂ ಮೈಲಿಗೆಯಾಯಿತು. ಒಬ್ಬ ಕಳ್ಳನನ್ನು ಹಿಡಿಯಲು ಹೋಗಿ ಇಬ್ಬರನ್ನು ತಯಾರು ಮಾಡಿದ್ದೆ.

ರಿಪೇರಿ ಎರಡೂವರೆ ದಿನ ಹಿಡಿಯಿತು. ಎಡ ಸ್ಕೀಯ ತಳವನ್ನು ಮತ್ತೆ ಬಿಸಿ ಮಾಡಿ, ಮೇಣ ಮೆತ್ತಗಿರುವಾಗಲೇ ಕೆರೆದೆ. ಈ ಸಲ ಡ್ರಮ್ಮಿನಿಂದ ಕತ್ತರಿಸಿದ ದಪ್ಪ ಚೂರಿನಿಂದ, ಅಂಚನ್ನು ಉಪ್ಪುಕಾಗದದಲ್ಲಿ ನೇರ ಮಾಡಿಕೊಂಡು. ಹೆಬ್ಬೆರಳು ಸುಟ್ಟದ್ದು ಇಲ್ಲಿಯೇ. ಆಮೇಲೆ ಮುಂದಿನ ತುದಿಯಿಂದ ಹಿಂದಕ್ಕೆ ಹಿತ್ತಾಳೆ ಬ್ರಷ್, ಪುಡಿ ಬರುವುದು ನಿಲ್ಲುವವರೆಗೆ. ಪ್ರತಿ ಗೇಣಿಗೂ ಟೇಪ್ ಅಂಟಿಸಿ ಕಿತ್ತು ನೋಡಿದೆ. ಎರಡೂ ಸ್ಕಿನ್‌ಗಳ ಅಂಟಿನ ಮೇಲೆ ಕಂದು ಕಾಗದ ಹಾಸಿ, ಹದವಾಗಿ ಇಸ್ತ್ರಿ ಎಳೆದು, ಬಿಸಿಯಿರುವಾಗಲೇ ಕಾಗದ ಕಿತ್ತರೆ ಹಳೆಯ ಅಂಟು, ಮೇಣ, ಹಿಂದಿನ ಮಾಲೀಕರ ನಾಯಿಯ ಕೂದಲು ಎಲ್ಲ ಅದರೊಂದಿಗೆ ಬಂತು. ಬೇಕರಿಯ ಜಾರು ಕಾಗದ ಇದಕ್ಕೆ ಆಗುವುದಿಲ್ಲ, ಅದು ಏನನ್ನೂ ಹೀರುವುದಿಲ್ಲ. ಕಂದು ಕಾಗದ ಎಲ್ಲಿ ಸಿಕ್ಕಿತು ಎಂದರೆ, ಅಂಟು ಬಂದ ಪಾರ್ಸೆಲ್ಲಿನ ಹೊದಿಕೆ ಅದು. ಎರಡನೇ ಟ್ಯೂಬನ್ನು ಎರಡೂ ಸ್ಕಿನ್‌ಗಳಿಗೆ ತೆಳುವಾಗಿ ಹಂಚಿದೆ, ಅಂಚುಗಳಿಗೆ ಮಾತ್ರ ಸ್ವಲ್ಪ ಧಾರಾಳವಾಗಿ.

ನಿನ್ನೆ ನಾಲ್ಕು ಏರಿಕೆ, ನಾಲ್ಕು ಇಳಿತ. ನಾಲ್ಕನೆಯದರ ಹೊತ್ತಿಗೆ ಬಿಸಿಲು ಹೋಗಿ ಗಾಳಿ ಎದ್ದಿತ್ತು, ಆದರೂ ಪಟಪಟ ಇಲ್ಲ. ಈಗಿನ ತಕರಾರು ಬೇರೆ: ಸ್ಕಿನ್ ಬಿಚ್ಚಲು ಸ್ಕೀಯ ಮೇಲೆ ಬೂಟುಗಾಲಿಟ್ಟು ಎರಡೂ ಕೈಯಲ್ಲಿ ಎಳೆಯಬೇಕಾಗಿದೆ.

ಮಾರಿದವರಿಗೆ ಕ್ಷಮೆ ಕೇಳುವ ಸಂದೇಶವನ್ನೂ ಬರೆದಿಟ್ಟಿದ್ದೇನೆ. ಅಂಟಿನ ಬಗ್ಗೆ ಹೇಳಿದ್ದನ್ನೆಲ್ಲ ಅದರಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಸ್ಕ್ರೇಪರ್ ಬಂದ ದಿನ ಕಳಿಸುತ್ತೇನೆ.